ಸೋರುವ ಫಿಶ್ ಟ್ಯಾಂಕನ್ನೇ ಕೊಂಡೆ: ನನ್ನ ಅನುಭವ

ಸೆಕೆಂಡ್ ಹ್ಯಾಂಡ್ ಟ್ಯಾಂಕ್ ನೋಡಲು ಹೋದವರು ಮೊದಲು ಕೇಳುವುದು, "ಸೋರ್ತದೇನ್ರಿ?" ನಾನು ಮೊದಲು ನೋಡುವುದು ಗಾಜಿನ ಅಂಚು. ಸೋರಿಕೆಗೆ ಮದ್ದಿದೆ, ಸೀಳಿದ ಗಾಜಿಗೆ ಇಲ್ಲ. ಕಲಬುರಗಿಯಲ್ಲಿ ಕೇಳಿದ ಅಂಗಡಿಗಳಲ್ಲೆಲ್ಲ ಒಂದೇ ಮಾತು: "ಹಳೇ ಗಾಜಿಗೆ ಹೊಸ ಸಿಲಿಕಾನ್ ಹಿಡಿಯಂಗಿಲ್ರಿ, ರೊಕ್ಕ ನೀರಾಗ ಹಾಕ್ದಂಗ." ಆದರೂ ಸೋರುವ ನಾಲ್ಕು ಅಡಿ ಟ್ಯಾಂಕನ್ನೇ ಕೊಂಡು, ನಾನೇ ಹೊಸ ಸಿಲಿಕಾನ್ (ಗಾಜು ಕೂಡಿಸುವ ರಬ್ಬರಿನಂಥ ಅಂಟು) ಹಾಕಿ ಈಗ ಹದಿನಾಲ್ಕು ತಿಂಗಳು. ಒಂದು ಪೂರ್ತಿ ಬೇಸಿಗೆ ಕಳೆದರೂ ಸ್ಟ್ಯಾಂಡಿನ ಕೆಳಗೆ ಹಾಸಿದ ಪೇಪರ್ ಒಣಗಿಯೇ ಇದೆ.

ಮೊದಲು ಲೆಕ್ಕ. 4 × 1.5 × 1.5 ಅಡಿಯ ಹೊಸ ಟ್ಯಾಂಕಿಗೆ ಸ್ಟ್ಯಾಂಡ್ ಸಮೇತ ಹನ್ನೊಂದು ಸಾವಿರದ ಆಸುಪಾಸು ಹೇಳಿದ್ದರು. ಹಳೆಯದಕ್ಕೆ ಕೇಳಿದ್ದು 5,500. ಸೋರುತ್ತದೆ ಎಂದು ತೋರಿಸಿಕೊಟ್ಟ ಮೇಲೆ 2,200ಕ್ಕೆ ಬಂತು. ಸಿಲಿಕಾನ್ ಎರಡು ಟ್ಯೂಬಿಗೆ ಸುಮಾರು 500, ಬ್ಲೇಡು, ಟೇಪು, ಅಸಿಟೋನಿಗೆ 250, ಟಂಟಂ (ಮೂರು ಚಕ್ರದ ಆಟೊ) ಬಾಡಿಗೆ 400, ಸ್ಟ್ಯಾಂಡಿನ ವೆಲ್ಡಿಂಗಿಗೆ 600. ಕೆಟ್ಟ ಪ್ರಯತ್ನಗಳ ಖರ್ಚು ಬಿಟ್ಟರೆ ಎಲ್ಲ ಸೇರಿ ನಾಲ್ಕು ಸಾವಿರದೊಳಗೆ.

ಗಾಜಿನ ದಪ್ಪವನ್ನು ಮಾರುವವರ ಬಾಯಿಂದ ತಿಳಿಯಬಾರದು. ಸ್ಟೀಲ್ ಸ್ಕೇಲನ್ನು ಮೇಲಂಚಿಗೆ ಇಟ್ಟು ನೋಡಬೇಕು. "ಎಂಟು ಎಂಎಂ" ಎಂದು ಹೇಳಿ ಆರು ತೋರಿಸಿದವರು ಬೇಕಾದಷ್ಟು ಜನ. ಒಂದೂವರೆ ಅಡಿ ಎತ್ತರದ, ನಾಲ್ಕು ಅಡಿ ಉದ್ದದ ಟ್ಯಾಂಕಿಗೆ ಎಂಟಕ್ಕಿಂತ ಕಡಿಮೆ ಇದ್ದರೆ ಪುಕ್ಕಟೆ ಕೊಟ್ಟರೂ ಒಲ್ಲೆ. ಗಾಜು ಉಬ್ಬದಂತೆ ಮೇಲಂಚಿಗೆ ಅಂಟಿಸಿದ ಗಾಜಿನ ಪಟ್ಟಿಗಳು ಕಿತ್ತುಹೋಗಿವೆಯೇ ಎಂದೂ ನೋಡಿ. ಪಟ್ಟಿ ಬಿಟ್ಟಿದ್ದರೆ ನೀರು ತುಂಬಿದಾಗ ಮುಂದಿನ ಗಾಜು ಉಬ್ಬುತ್ತದೆ. ಒಂದು ದಾರವನ್ನು ಈ ತುದಿಯಿಂದ ಆ ತುದಿಗೆ ಬಿಗಿಹಿಡಿದರೆ ಎಷ್ಟು ಉಬ್ಬಿದೆ ಎಂದು ಕಣ್ಣಿಗೇ ಕಾಣುತ್ತದೆ.

ಆಮೇಲೆ ಅಂಚು. ಮೊಬೈಲ್ ಟಾರ್ಚನ್ನು ಗಾಜಿಗೆ ಎದುರಾಗಿ ಹಿಡಿಯದೆ ಪಕ್ಕದಿಂದ, ಗಾಜಿಗೆ ತಾಗಿಸಿದಂತೆ ಬಿಡಿ. ಚಿಪ್ಪಿನಾಕಾರದಲ್ಲಿ ಎದ್ದ ಚೂರು ಮೇಲಂಚಿನಲ್ಲಿದ್ದರೆ ನಡೆಯುತ್ತದೆ. ಅದೇ ಚೂರು ಎರಡು ಗಾಜು ಕೂಡುವ ಜಾಗಕ್ಕೆ ತಾಗಿದ್ದರೆ ಬೇಡ. ಅಲ್ಲಿಂದ ಕೂದಲೆಳೆಯಂಥ ಗೆರೆ ಹೊರಟಿದ್ದರಂತೂ ಬೇಡವೇ ಬೇಡ. ಗೀರನ್ನು ಉಗುರಿನಿಂದ ಎಳೆದು ನೋಡಿ. ಒಳಬದಿಯಲ್ಲಿ ಉಗುರು ಸಿಕ್ಕದ ಗೀರು ನೀರು ತುಂಬಿದ ಮೇಲೆ ಬಹುಪಾಲು ಕಾಣುವುದಿಲ್ಲ.

ನಮ್ಮ ಕಡೆಯ ಬೋರ್‌ವೆಲ್ ನೀರಿನಿಂದ ಹಿಂದಿನ ಗಾಜಿಗೆ ಬಿಳಿ ಪೊರೆ ಕಟ್ಟಿರುತ್ತದೆ. ಅದರಡಿ ಬಿರುಕು ಅಡಗಿರಬಹುದು. ಸಣ್ಣ ಬಾಟಲಿಯಲ್ಲಿ ವಿನೆಗರ್ ಒಯ್ದು ಬಟ್ಟೆಗೆ ಅದ್ದಿ, ಮೂಲೆಗಳಿಗೆ ಹತ್ತು ನಿಮಿಷ ಅಂಟಿಸಿ ಒರೆಸಿದರೆ ಗಾಜು ತೆರೆದುಕೊಳ್ಳುತ್ತದೆ. ಬೆಲೆ ಮಾತಾಡುವುದು ಇದಾದ ಮೇಲೆ.

ಈಗ ಸಿಲಿಕಾನ್. ಟ್ಯಾಂಕಿನಲ್ಲಿ ಸಿಲಿಕಾನ್ ಎರಡು ಕಡೆ ಇರುತ್ತದೆ: ಗಾಜು ಗಾಜಿನ ನಡುವೆ ಒಂದು, ಒಳಮೂಲೆಯ ಉದ್ದಕ್ಕೂ ಇನ್ನೊಂದು. ಹೊರಗಿನಿಂದ ಗಾಜಿನ ಮೂಲಕ ನಡುವಿನ ಪದರವನ್ನು ನೋಡಿ. ಒಂದೇ ಬಣ್ಣವಾಗಿ ಕಂಡರೆ ಗಟ್ಟಿಯಾಗಿದೆ. ಅಲ್ಲಲ್ಲಿ ಬೆಳ್ಳಿಯಂತೆ ಹೊಳೆದರೆ ಅಲ್ಲಿ ಬಿಟ್ಟಿದೆ, ಇಡೀ ಟ್ಯಾಂಕ್ ಬಿಚ್ಚಬೇಕು. ಅದಕ್ಕೆ ನಾನು ಕೈ ಹಾಕುವುದಿಲ್ಲ. ಒಳಮೂಲೆಯದ್ದು ಮಾತ್ರ ಕಿತ್ತಿದ್ದರೆ, ಅದರ ಹಿಂದೆ ಪಾಚಿ ನುಗ್ಗಿ ಹಸಿರಾಗಿದ್ದರೆ ಅದು ದುರಸ್ತಿಯಾಗುವ ಟ್ಯಾಂಕ್. ಬೆಲೆ ಇಳಿಸಲು ಅದೇ ಸಾಕು.

ಅಂಗಡಿಯವರ ಮಾತು ಅರ್ಧ ನಿಜ. ಹೊಸ ಸಿಲಿಕಾನ್ ಹಿಡಿಯದಿರುವುದು ಹಳೇ ಸಿಲಿಕಾನಿಗೆ. ಹಳೇ ಗಾಜಿಗೆ ಚೆನ್ನಾಗಿಯೇ ಹಿಡಿಯುತ್ತದೆ. ಮೊದಲ ಸಲ ಸೋರುವ ಜಾಗಕ್ಕೆ ಮೇಲಿಂದ ಮೆತ್ತಿದ್ದು ಎಂಟೊಂಬತ್ತು ದಿನಕ್ಕೆ ಸಿಪ್ಪೆಯಂತೆ ಎದ್ದಿತು. ಎರಡನೇ ಸಲ ಸೋರುವ ಒಂದೇ ಮೂಲೆ ಕೆರೆದು ಹಾಕಿದಾಗ ಹಳೆಯದು ಹೊಸದು ಕೂಡಿದ ಕಡೆಯಿಂದಲೇ ನೀರು ಬಂತು. ಮೂರನೇ ಸಲ ತಂದ ಟ್ಯೂಬಿನ ಮೇಲೆ "ಆ್ಯಂಟಿ ಫಂಗಲ್" ಎಂದಿತ್ತು, ಬಾತ್‌ರೂಮಿಗೆ ಹಾಕುವಂಥದ್ದು. ನೀರು ನಿಂತಿತು, ಒಂಬೈನೂರು ರೂಪಾಯಿಯ ಮೀನು ಉಳಿಯಲಿಲ್ಲ. ಬೂಷ್ಟು ತಡೆಯುವ ಆ ಔಷಧಿ ಬೆರೆಸದ, ಹುಳಿ ವಾಸನೆ ಬರುವ ಸಾದಾ ಸಿಲಿಕಾನೇ ಬೇಕು. ಅಕ್ವೇರಿಯಂಗೆ ಎಂದು ಬರೆದದ್ದು ಸಿಕ್ಕರೆ ಇನ್ನೂ ಒಳ್ಳೆಯದು.

ಒಳಮೂಲೆಯ ಸಿಲಿಕಾನ್ ಪೂರ್ತಿ ತೆಗೆಯಬೇಕು, ಎಂಟೂ ಮೂಲೆಗೆರೆ (ತಳದ ನಾಲ್ಕು, ನಿಂತ ನಾಲ್ಕು). ಬ್ಲೇಡನ್ನು ಗಾಜಿಗೆ ಮಲಗಿಸಿ ತಳ್ಳಿ. ಮೂಲೆಯೊಳಗೆ ಚುಚ್ಚಿದರೆ ನಡುವಿನ ಪದರ ಕತ್ತರಿಸಿಹೋಗುತ್ತದೆ. ಕೆರೆದ ಮೇಲೆ ಗಾಜು ಸ್ವಚ್ಛವಾದಂತೆ ಕಾಣುತ್ತದೆ, ಆದರೆ ತೆಳು ಪೊರೆ ಉಳಿದಿರುತ್ತದೆ. ನೀರು ಚಿಮುಕಿಸಿ ನೋಡಿ. ಹನಿ ಮುತ್ತಿನಂತೆ ದುಂಡಗೆ ನಿಂತರೆ ಪೊರೆ ಇದೆ, ಮತ್ತೆ ಕೆರೆಯಿರಿ. ನೀರು ತೆಳ್ಳಗೆ ಹರಡಿದರೆ ಗಾಜು ಬರಿದಾಗಿದೆ. ಒಣಗಿಸಿ, ಅಸಿಟೋನಿನಲ್ಲಿ ಒರೆಸಿ. ಆಮೇಲೆ ಅಲ್ಲಿ ಬೆರಳು ತಾಗಿಸಬೇಡಿ. ಈ ಕೆಲಸವೇ ನನಗೆ ಎರಡು ದಿನ ಹಿಡಿಯಿತು, ಸಿಲಿಕಾನ್ ಹಾಕಿದ್ದು ಇಪ್ಪತ್ತು ನಿಮಿಷ.

ಮೂಲೆಯಿಂದ ಎಂಟು ಎಂಎಂ ಬಿಟ್ಟು ಎರಡೂ ಕಡೆ ಟೇಪ್. ಈ ಅಳತೆಗೆ ಒಟ್ಟು ಗೆರೆ 17 ಅಡಿ, ಒಂದು ಟ್ಯೂಬ್ ಅಷ್ಟಕ್ಕಷ್ಟೇ ಆಗುತ್ತದೆ. ನಡುವೆ ನಿಲ್ಲಿಸಬಾರದು, ಆದ್ದರಿಂದ ಎರಡಿರಲಿ. ಬೇಸಿಗೆಯಲ್ಲಿ ಬೇಗ ಕೆನೆ ಕಟ್ಟುತ್ತದೆ, ಬೆಳಗಿನ ಏಳರೊಳಗೆ ಮುಗಿಸಿ, ಟೇಪನ್ನು ಕೂಡಲೇ ಎಳೆಯಿರಿ. ಕೆಳಗಿನ ನಾಲ್ಕು ಮೂಲೆಗಳಲ್ಲಿ ಮೂರು ಗೆರೆ ಕೂಡುವ ಕಡೆ ಬೆರಳು ತಿರುಗಿಸುವ ರೀತಿ ಒಂದಿದೆ, ಅದನ್ನು ನಾನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಮೇಲಿಂದ ಒಣಗಿದಂತೆ ಕಂಡರೂ ಒಳಗೆ ಹಸಿಯಿರುತ್ತದೆ, ಸಿಲಿಕಾನ್ ಗಾಳಿಯ ತೇವದಿಂದಲೇ ಗಟ್ಟಿಯಾಗುವುದು. ನಮ್ಮ ಒಣ ಹವೆಗೆ ಏಳು ದಿನ ಸಾಲದು, ಹತ್ತು ಬಿಟ್ಟೆ.

ನೀರು ಮೊದಲ ದಿನ ಮೂರನೇ ಒಂದು, ಮರುದಿನ ಮೂರನೇ ಎರಡು, ಮೂರನೇ ದಿನ ಪೂರ್ತಿ. ಮೇ ತಿಂಗಳಲ್ಲಿ ಮುಚ್ಚಳವಿಲ್ಲದ ಟ್ಯಾಂಕಿನ ನೀರು ದಿನಕ್ಕೆ ಅರ್ಧ ಸೆಂಟಿಮೀಟರಿನ ಮೇಲೇ ಇಳಿಯುವುದನ್ನು ಕಂಡು ಸೋರಿತೆಂದು ಗಾಬರಿಯಾಗುವವರಿದ್ದಾರೆ. ಪಕ್ಕದಲ್ಲೇ ಅಗಲ ಬಾಯಿಯ ಬಕೆಟ್ಟಿನಲ್ಲಿ ನೀರಿಟ್ಟು ಎರಡಕ್ಕೂ ಗುರುತು ಹಾಕಿದೆ. ಎರಡೂ ಹೆಚ್ಚುಕಡಿಮೆ ಒಂದೇ ಸಮ ಇಳಿದವು, ಪೇಪರ್ ಒಣಗಿತ್ತು. ಅಷ್ಟೇ ಪರೀಕ್ಷೆ.

ಶಹಾಬಾದ್ ಕಲ್ಲಿನ ಚೂರುಗಳನ್ನು ಅಲಂಕಾರಕ್ಕೆ ಒಳಗಿಟ್ಟೂ ನೋಡಿದೆ. ಅದು ಸುಣ್ಣದ ಕಲ್ಲು. ವಿನೆಗರ್ ಬಿಟ್ಟರೆ ಗುಳ್ಳೆ ಏಳುತ್ತದೆ, ಮೊದಲೇ ಗಡಸಾದ ನೀರನ್ನು ಇನ್ನೂ ಗಡಸು ಮಾಡುತ್ತದೆ. ಅದೇ ಕಲ್ಲಿನ ಹಾಸು ಸ್ಟ್ಯಾಂಡಿನ ಮೇಲೆ, ಅದರ ಮೇಲೆ ಅರ್ಧ ಇಂಚು ಥರ್ಮಾಕೋಲ್, ಆಮೇಲೆ ಟ್ಯಾಂಕ್ ಎಂದರೆ ತಳಕ್ಕೆ ಅದಕ್ಕಿಂತ ಒಳ್ಳೆಯ ಆಸರೆ ಇಲ್ಲ. ಗಾಜೇ ಸುಮಾರು 42 ಕಿಲೋ, ನೀರು 225 ಲೀಟರ್. ಆದ್ದರಿಂದ ಹಳೇ ಸ್ಟ್ಯಾಂಡಿನ ಆ್ಯಂಗಲ್ಲಿನ ಬುಡವನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಿ, ತುಕ್ಕು ಹೆಚ್ಚು ತಿನ್ನುವುದು ಅಲ್ಲೇ.

ತರುವಾಗ ಹರಳು, ನೀರು ಒಂದಿಷ್ಟೂ ಒಳಗಿರಬಾರದು. ಪಟ್ಟಿ ಹಿಡಿದು ಎತ್ತಬಾರದು, ತಳಕ್ಕೆ ಕೈ ಕೊಡಬೇಕು. ಟಂಟಂನಲ್ಲಿ ಎರಡು ಕೌದಿ ಮಡಚಿ ಹಾಕಿ, ಇರುವಂತೆಯೇ ನೇರ ಕೂರಿಸಿ.

ಮೋಟಾರ್, ಹೀಟರ್ ಪುಕ್ಕಟೆ ಸಿಕ್ಕರೆ ತೆಗೆದುಕೊಳ್ಳಿ, ಅದಕ್ಕೆಂದು ದುಡ್ಡು ಸೇರಿಸಬೇಡಿ. ಮೋಟಾರನ್ನು ಬಕೆಟ್ ನೀರಿನಲ್ಲಿ ಹತ್ತು ನಿಮಿಷ ಓಡಿಸಿ. ಗರಗರ ಎಂದರೆ ಒಳಗಿನ ಕಡ್ಡಿಯೋ ರೆಕ್ಕೆಯೋ ಸವೆದಿದೆ. ವೈರ್ ಬಗ್ಗಿಸಿದಾಗ ಬಿರುಕು ಕಂಡರೆ ಎಸೆಯಿರಿ. ಹೀಟರಿನ ಗಾಜಿನ ಕೊಳವೆಯೊಳಗೆ ತೇವ ಕಂಡರೆ ಪ್ಲಗ್ ಹಾಕಲೇಬೇಡಿ. ನೀರಿನ ಹೊರಗೆ ಇಟ್ಟು ಅದನ್ನು ಚಾಲೂ ಮಾಡಿ ನೋಡುವುದೂ ಬೇಡ, ಕೊಳವೆ ಒಡೆಯುತ್ತದೆ.