ಹಳೇ ಬಿ450 ಬೋರ್ಡು, ಹೊಸ ಪ್ರೊಸೆಸರ್ರು, ಕಲಬುರಗಿ ಬಿಸಿಲು

ಹೋದ ವರ್ಷದ ಮೇ ತಿಂಗಳು, ಮಧ್ಯಾಹ್ನ ಮೂರು ಗಂಟೆ. ರೂಮಿನ ಥರ್ಮಾಮೀಟರು 38 ತೋರಿಸುತ್ತಿತ್ತು. ಹೊರಗೆ ಎಷ್ಟಿತ್ತೋ ಕೇಳಬೇಡಿ. ಹಳೇ ಬಿ450 ಮದರ್‌ಬೋರ್ಡಿಗೆ ಹೊಸ ಪ್ರೊಸೆಸರ್ ಹಾಕಿದ ನನ್ನ ಗೇಮಿಂಗ್ ಮಷೀನು. ಕ್ಯಾಬಿನೆಟ್ಟಿನ ಎರಡೂ ಪಕ್ಕ ಮುಚ್ಚಿ, ಸ್ಕ್ರೂ ಬಿಗಿದು, ಒಂದೂವರೆ ಗಂಟೆ ಸೈಬರ್‌ಪಂಕ್ ಆಟ ಓಡಿಸಿದೆ. ಬೋರ್ಡಿನ ವಿಆರ್‌ಎಂ (ಪ್ರೊಸೆಸರಿಗೆ ಕರೆಂಟು ಹದ ಮಾಡಿ ಕೊಡೋ ಭಾಗ) 84 ಡಿಗ್ರಿಗೆ ಬಂದು ನಿಂತಿತು. ಅಲ್ಲಿಂದ ಮೇಲೆ ಹೋಗಲೇ ಇಲ್ಲ. ಪ್ರೊಸೆಸರ್ 80ರ ಆಚೀಚೆ. ಎಫ್‌ಪಿಎಸ್ (ಸೆಕೆಂಡಿಗೆ ಬರೋ ಚಿತ್ರಗಳ ಲೆಕ್ಕ) ಮೊದಲ ನಿಮಿಷದಲ್ಲಿ ಎಷ್ಟಿತ್ತೋ ಕೊನೆಯಲ್ಲೂ ಅಷ್ಟೇ. ಸ್ಕ್ರೀನಿನ ಫೋಟೊ ಹೊಡೆದು ನನ್ನ ದೋಸ್ತನಿಗೆ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

2024ರ ದಸರಾ ಹೊತ್ತಿಗೆ ನನ್ನ ಮೇಜಿನ ಮುಂದೆ ನಿಂತು ನಕ್ಕವನು ಅವನೇ. "ಹಳೀ ಬೋರ್ಡಿಗಿ 20 ಸಾವಿರದ ಪ್ರೊಸೆಸರ್ ಹಾಕ್ಲಾಕತ್ತೀ, ತಲಿ ಕೆಟ್ಟದೇನ್ ನಿಂದು? ಬ್ಯಾಸಗ್ಯಾಗ ಸುಟ್ಟು ಹೋಗ್ತದ ನೋಡು." ಅವನೊಬ್ಬನೇ ಅಲ್ಲ, ಅಳಿಯ ಅಂದ, ಹೈದರಾಬಾದಿನ ಅಂಗಡಿಯವನೂ ಅಂದ. ಎಲ್ಲರದ್ದೂ ಒಂದೇ ಮಾತು: ಎಎಂ5ಗೆ (ಎಎಂಡಿಯ ಹೊಸ ಸಾಕೆಟ್ಟಿನ ಬೋರ್ಡಿಗೆ) ಹೋಗು, ಡಿಡಿಆರ್5 ರ್‍ಯಾಮ್ ಹಾಕು, ಹಳೇದು ಮಾರು.

ನಾನು ಹೋಗಲಿಲ್ಲ. ಯಾಕೆ ಅನ್ನೋದಕ್ಕೆ ಮೊದಲು ಸೋತ ಕತೆ ಹೇಳಬೇಕು.

2019ರಲ್ಲಿ ನನಗೆ ಅಂತ ಕಟ್ಟಿಕೊಂಡ ಮೊದಲ ಗೇಮಿಂಗ್ ಮಷೀನಿಗೆ ಎ320 ಬೋರ್ಡ್ ಹಾಕಿದ್ದೆ. ನಾಲ್ಕು ಸಾವಿರದ ಚಿಲ್ಲರೆ. ರೈಜೆನ್ 5 2600 ಪ್ರೊಸೆಸರ್ ಜೊತೆ ಆರಾಮಾಗಿತ್ತು. 65 ವ್ಯಾಟಿನ ಚಿಪ್, ಬೋರ್ಡಿಗೆ ಭಾರ ಆಗಲಿಲ್ಲ. 2020ರ ಕೊನೆಯಲ್ಲಿ ಪರಿಚಯದವರೊಬ್ಬರು 2700ಎಕ್ಸ್ ಪ್ರೊಸೆಸರ್ ಅನ್ನು ಅಗ್ಗಕ್ಕೆ ಕೊಟ್ಟರು. 105 ವ್ಯಾಟ್. ಬೋರ್ಡಿನ ಸಪೋರ್ಟ್ ಲಿಸ್ಟಿನಲ್ಲಿ ಹೆಸರಿತ್ತು ಅಂತ ಕಣ್ಣು ಮುಚ್ಚಿ ಹಾಕಿದೆ. ಚಳಿಗಾಲ ಕಳೆಯಿತು. ಏಪ್ರಿಲ್ ಬಂತು. ಆಟ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಎಫ್‌ಪಿಎಸ್ 70ರಿಂದ 15ಕ್ಕೆ ಬೀಳೋದು. ಎರಡು ನಿಮಿಷ ಬಿಟ್ಟು ತಾನೇ ಏಳೋದು. ಮತ್ತೆ ಬೀಳೋದು. ಗ್ರಾಫಿಕ್ಸ್ ಕಾರ್ಡ್ ಕೆಟ್ಟಿದೆ ಅಂತ ಹದಿನೈದು ದಿನ ಅದನ್ನೇ ಬಿಚ್ಚಿ ಹಾಕಿ ಮಾಡಿದೆ. ಪ್ರೊಸೆಸರ್ ತಾಪ ನೋಡಿದರೆ 75, ಏನೂ ತೊಂದರೆ ಇಲ್ಲ. ಕೊನೆಗೆ ಕ್ಲಾಕ್, ಅಂದರೆ ಪ್ರೊಸೆಸರ್ ಓಡೋ ವೇಗ ನೋಡಿದೆ. 1 ಗಿಗಾಹರ್ಟ್ಸ್‌ಗಿಂತ ಕೆಳಗೆ! ಪಕ್ಕದ ಬಾಗಿಲು ತೆಗೆದು ಸಾಕೆಟ್ಟಿನ ಎಡಗಡೆ ಬೆರಳು ಇಟ್ಟೆ, ಸುಟ್ಟಿತು. ವಿಆರ್‌ಎಂ ಮೇಲೆ ಬಿಸಿ ಹೀರೋ ಲೋಹದ ಹೀಟ್‌ಸಿಂಕ್ ಒಂದು ಚೂರೂ ಇರಲಿಲ್ಲ.

ಆಮೇಲೆ ಎಲ್ಲರೂ ಮಾಡೋದನ್ನೇ ನಾನೂ ಮಾಡಿದೆ. ಟೇಬಲ್ ಫ್ಯಾನ್ ತಿರುಗಿಸಿ ಇಟ್ಟೆ. ಸಣ್ಣ ಅಲ್ಯೂಮಿನಿಯಂ ಹೀಟ್‌ಸಿಂಕ್ ತರಿಸಿ ಅಂಟಿಸಿದೆ. ಬಿಸಿಗೆ ಅಂಟು ಸಡಿಲವಾಗಿ ಅದರಲ್ಲೊಂದು ನೆಟ್ಟಗೆ ಕಾರ್ಡಿನ ಬೆನ್ನ ಮೇಲೆ ಬಿತ್ತು. ಪುಣ್ಯಕ್ಕೆ ಬ್ಯಾಕ್‌ಪ್ಲೇಟ್ ಇತ್ತು. ಜೂನಿನಲ್ಲಿ ಮಳೆ ಬಂದ ವಾರವೇ ಬೋರ್ಡ್ ಸತ್ತಿತು. ನಾಲ್ಕು ಸಾವಿರ ಉಳಿಸಲು ಹೋಗಿ ಬೋರ್ಡ್ ಹೋಯಿತು, ಹೀಟ್‌ಸಿಂಕಿನ ಆರುನೂರು ಹೋಯಿತು, ಒಂದು ಬೇಸಿಗೆ ಪೂರ್ತಿ ಹೋಯಿತು.

ಆವತ್ತಿನಿಂದ ನನ್ನ ಲೆಕ್ಕ ಬದಲಾಯಿತು. ಬೋರ್ಡ್ ಕೊಳ್ಳುವಾಗ ಚಿಪ್‌ಸೆಟ್ಟಿನ ಹೆಸರು (ಎ320, ಬಿ450 ಅಂತಾರಲ್ಲ, ಅದು) ನಾನು ಕೊನೆಗೆ ನೋಡುತ್ತೇನೆ. ಮೊದಲು ನೋಡೋದು ವಿಆರ್‌ಎಂ, ಅದರ ಮೇಲಿನ ಹೀಟ್‌ಸಿಂಕ್ ಸ್ಕ್ರೂ ಹಾಕಿ ಕೂರಿಸಿದ್ದಾರೋ ಇಲ್ಲ ಪ್ಲಾಸ್ಟಿಕ್ ಪಿನ್ ಚುಚ್ಚಿದ್ದಾರೋ ಅಂತ. ಎರಡನೇದು ಬಯೋಸ್ ಚಿಪ್ (ಬೋರ್ಡನ್ನು ಎಬ್ಬಿಸೋ ತಂತ್ರಾಂಶ ಇರೋ ಚಿಪ್) 16 ಎಂಬಿಯೋ 32 ಎಂಬಿಯೋ. ಮೂರನೇದು ಹಿಂದುಗಡೆ ಫ್ಲ್ಯಾಶ್ ಬಟನ್ (ಪ್ರೊಸೆಸರ್ ಇಲ್ಲದೆಯೇ ಬಯೋಸ್ ಬರೆಯೋ ಗುಂಡಿ) ಇದೆಯೋ ಇಲ್ಲವೋ. ಆರ್‌ಜಿಬಿ ಬಣ್ಣದ ದೀಪ, ಹೆಸರಿನಲ್ಲಿ "ಗೇಮಿಂಗ್", ಡಬ್ಬದ ಮೇಲಿನ ಡ್ರ್ಯಾಗನ್ನು, ಇವೆಲ್ಲ ಮಕ್ಕಳಿಗೆ.

2021ರ ಮಳೆಗಾಲದಲ್ಲಿ ಹೊಸ ಬೋರ್ಡ್ ತರೋಕೆ ಹೈದರಾಬಾದಿಗೆ ಹೋದೆ. ನಮ್ಮ ಕಡೆಯವರಿಗೆ ಬೆಂಗಳೂರಿನ ಎಸ್‌ಪಿ ರೋಡ್ ಕಂಪ್ಯೂಟರ್ ಮಾರ್ಕೆಟ್ ಅಂದರೆ ಒಂದು ರಾತ್ರಿಯ ರೈಲು. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಆದರೆ ಬೆಳಿಗ್ಗೆ ಹೋಗಿ ರಾತ್ರಿ ಊಟಕ್ಕೆ ಮನೆ. ಅಂಗಡಿಯವನು ಎಕ್ಸ್570 ತೋರಿಸಿದ. "ಭಾಯ್, ಗೇಮಿಂಗ್ ಅಂದ್ರೆ ಇದೇ." 17 ಸಾವಿರ. ಅದರ ಚಿಪ್‌ಸೆಟ್ ಮೇಲೆ ಒಂದು ಪುಟಾಣಿ ಫ್ಯಾನ್ ಇತ್ತು. ಕಲಬುರಗಿ ಧೂಳಿಗೆ ಆ ಫ್ಯಾನ್ ಎಷ್ಟು ದಿನ ತಿರುಗುತ್ತೆ ಅಂತ ಕೇಳಿದೆ, ಅವನು ನಕ್ಕ. ಮೂಲೆಯಲ್ಲಿ ಧೂಳು ಹಿಡಿದ ಡಬ್ಬದಲ್ಲಿ ಬಿ450 ಒಂದಿತ್ತು. ಕೈಯಲ್ಲಿ ಹಿಡಿದಾಗಲೇ ತೂಕ ಗೊತ್ತಾಯಿತು. ದಪ್ಪ ಹೀಟ್‌ಸಿಂಕ್, ಹಿಂದೆ ಸ್ಕ್ರೂ, 32 ಎಂಬಿ ಬಯೋಸ್, ಫ್ಲ್ಯಾಶ್ ಬಟನ್. ಎಂಟೂವರೆ ಸಾವಿರಕ್ಕೆ ತಂದೆ. ಅಂಗಡಿ ಯಾವುದು ಅಂತ ಮಾತ್ರ ಕೇಳಬೇಡಿ. ಈಗಲೂ ಅವನ ಹತ್ತಿರ ಹಳೇ ಸ್ಟಾಕ್ ಇದೆ, ಅದು ನನ್ನ ಹೊಟ್ಟೆಪಾಡು.

ಅದೇ 2700ಎಕ್ಸ್ ಅನ್ನು ಇದಕ್ಕೆ ಹಾಕಿದೆ. ಮುಂದಿನ ಬೇಸಿಗೆಯಲ್ಲಿ ಎಫ್‌ಪಿಎಸ್ ಒಂದು ಸಲವೂ ಬೀಳಲಿಲ್ಲ.

ಗ್ರಾಫಿಕ್ಸ್ ಕಾರ್ಡ್ ವಿಷಯದಲ್ಲಿ ಇನ್ನೊಮ್ಮೆ ಮೋಸ ಹೋದೆ. 2022ರ ಸೆಪ್ಟೆಂಬರಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಓಡಿಸಿ ಈಥೀರಿಯಂ ಕ್ರಿಪ್ಟೊ ನಾಣ್ಯ ಗಳಿಸೋ ಮೈನಿಂಗ್ ನಿಂತಿತಲ್ವಾ, ಮಾರುಕಟ್ಟೆಗೆ ಹಳೇ ಕಾರ್ಡ್‌ಗಳ ಹೊಳೆಯೇ ಬಂತು. ಏಳೂವರೆ ಸಾವಿರಕ್ಕೆ ಆರ್‌ಎಕ್ಸ್ 580 ಅಂತ ಒಂದು ತಗೊಂಡೆ. ಮನೆಗೆ ತಂದು ಜಿಪಿಯು-ಝಡ್ (ಕಾರ್ಡಿನ ವಿವರ ತೋರಿಸೋ ಸಾಫ್ಟ್‌ವೇರ್) ತೆಗೆದರೆ ಶೇಡರ್ ಕೋರ್ 2048. ನಿಜವಾದ 580ಗೆ 2304 ಇರಬೇಕು. ಅಂದರೆ ಕಡಿಮೆ ಕೋರಿನ 2048ಎಸ್‌ಪಿ, ಹೆಸರು ಮಾತ್ರ 580. ಮಾರಿದವನ ಫೋನ್ ಸ್ವಿಚ್ ಆಫ್. ಇದ್ದದ್ದನ್ನು ಇದ್ದ ಹಾಗೆ ಹೇಳಿಯೇ ಬೇರೆಯವರಿಗೆ ಮಾರಿದೆ, ಆರು ಸಾವಿರ ಬಂತು.

ಎರಡನೇ ಸಲ ಕಾರ್ಡ್ ಕೊಳ್ಳೋಕೆ ನನ್ನ ಟೆಸ್ಟ್ ಬೆಂಚನ್ನೇ (ಬಿಡಿಭಾಗ ಪರೀಕ್ಷೆ ಮಾಡೋ ಮಷೀನು) ಆಟೋದಲ್ಲಿ ಇಟ್ಟುಕೊಂಡು ಹೋದೆ. ಆರ್‌ಎಕ್ಸ್ 6700 ಎಕ್ಸ್‌ಟಿ, 12 ಜಿಬಿ, 22 ಸಾವಿರದ ಹತ್ತಿರ. ಅರ್ಧ ಗಂಟೆ ಅಲ್ಲೇ ಓಡಿಸಿದೆ, ಬಿಲ್ಲಿನ ಸೀರಿಯಲ್ ನಂಬರು ಕಾರ್ಡಿನ ಸ್ಟಿಕ್ಕರ್ ಜೊತೆ ಹೋಲಿಸಿದೆ, ವಾರಂಟಿ ಇನ್ನೂ ಒಂದೂವರೆ ವರ್ಷ ಇತ್ತು. 6600 ಅಗ್ಗಕ್ಕೆ ಸಿಗುತ್ತಿತ್ತು. ಆದರೆ ಅದು ಎಂಟು ಲೇನಿನ (ಬೋರ್ಡಿನ ಜೊತೆ ಡೇಟಾ ಓಡಾಡೋ ದಾರಿ) ಕಾರ್ಡ್, ನನ್ನ ಬೋರ್ಡ್ ಹಳೇ ವೇಗದ ಪಿಸಿಐಇ 3.0. ಕಾರ್ಡಿನ ಎಂಟು ಜಿಬಿ ಮೆಮೊರಿ ತುಂಬಿ ಹೊರಗೆ ಚೆಲ್ಲಿದಾಗ ಕಿರಿದಾದ ದಾರಿಯಲ್ಲಿ ಜಟಾಪಟಿ ಆಗುತ್ತೆ. 6700 ಎಕ್ಸ್‌ಟಿಗೆ ಹದಿನಾರು ಲೇನ್. ಹಳೇ ಬೋರ್ಡ್ ಇಟ್ಟುಕೊಳ್ಳೋರು ಇದನ್ನು ನೋಡೇ ಕೊಳ್ಳಬೇಕು.

ಈಗ ಪ್ರೊಸೆಸರ್ ಬದಲಾಯಿಸಿದ ದಿನಕ್ಕೆ ಬರುತ್ತೇನೆ.

ನಾನು ಹಾಕಿದ ಹೊಸ ಪ್ರೊಸೆಸರ್ ರೈಜೆನ್ 7 5700ಎಕ್ಸ್3ಡಿ ಮಾರುಕಟ್ಟೆಗೆ ಬಂದದ್ದು 2024ರ ಜನವರಿಯಲ್ಲಿ. 96 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರಿನ ಒಳಗೇ ಇರೋ ವೇಗದ ಮೆಮೊರಿ). ಬೆಲೆ ಇಳಿಯಲಿ ಅಂತ ಕಾದು ದಸರಾ ಹೊತ್ತಿಗೆ 20 ಸಾವಿರದ ಆಸುಪಾಸಿಗೆ ತಗೊಂಡೆ. ಎಎಂ5 ದಾರಿ ಹಿಡಿದಿದ್ದರೆ ಬೋರ್ಡ್, ಪ್ರೊಸೆಸರ್, ಡಿಡಿಆರ್5 ಮೂರೂ ಸೇರಿ ಕೊಟೇಶನ್ 43 ಸಾವಿರ ಬಂದಿತ್ತು.

2700ಎಕ್ಸ್ ಬಿಚ್ಚಬೇಕು. ಅವಸರ. ಕ್ಲಿಪ್ ತೆಗೆದು ಕೂಲರ್ ಅನ್ನು ನೇರ ಮೇಲಕ್ಕೆ ಎಳೆದೆ. ಟಕ್ ಅಂತ ಸದ್ದು. ಕೂಲರ್ ತಿರುಗಿಸಿ ನೋಡಿದರೆ ಪ್ರೊಸೆಸರ್ ಅದರ ಅಡಿಗೇ ಅಂಟಿಕೊಂಡು ಬಂದಿದೆ. ಸಾಕೆಟ್ಟಿನ ಲಿವರ್ ಇನ್ನೂ ಮುಚ್ಚೇ ಇದೆ. ಎರಡರ ನಡುವಿನ ಮೂರು ವರ್ಷದ ಥರ್ಮಲ್ ಪೇಸ್ಟ್ ಸಿಮೆಂಟ್ ಆಗಿತ್ತು. ಎಷ್ಟೋ ಜನರಿಗೆ "ಮೊದಲು ಹತ್ತು ನಿಮಿಷ ಆಟ ಓಡಿಸಿ ಬಿಸಿ ಮಾಡಿ, ಆಮೇಲೆ ಕೂಲರ್ ಅನ್ನು ಎಡಕ್ಕೆ ಬಲಕ್ಕೆ ತಿರುಚಿ ತೆಗೀರಿ" ಅಂತ ಪಾಠ ಹೇಳಿದವನು ನಾನು! 1331 ಪಿನ್ನಿನಲ್ಲಿ ಒಂದು ಮೂಲೆಯ ಐದು ಪಿನ್ ಮಲಗಿದ್ದವು. ಆ ಚಿಪ್ ಮಾರಿದರೆ ಐದು ಸಾವಿರ ಬರೋದು, ಬಿಡೋಕಾಗುತ್ತಾ? ಮಗಳ ಕಂಪಾಸ್ ಬಾಕ್ಸಿನಿಂದ 0.5 ಎಂಎಂ ಪೆನ್ಸಿಲ್ ತಂದೆ. ಕಡ್ಡಿ ತೆಗೆದರೆ ತುದಿಯ ಲೋಹದ ಕೊಳವೆ ಪಿನ್ನಿನ ಮೇಲೆ ಸರಿಯಾಗಿ ಕೂರುತ್ತೆ. ಒಂದೊಂದನ್ನೂ ಕೂದಲೆಳೆಯಷ್ಟು ಎತ್ತೋದು, ಬಿಡೋದು, ಬೆಳಕಿಗೆ ಹಿಡಿದು ಸಾಲು ನೋಡೋದು. ಒಂದೇ ಏಟಿಗೆ ಬಗ್ಗಿಸಿದರೆ ಮುರಿಯುತ್ತೆ. ಐದು ಪಿನ್ನಿಗೆ ಮುಕ್ಕಾಲು ಗಂಟೆ ಹಿಡಿಯಿತು. ಆ ಚಿಪ್ ಈಗ ಶಹಾಬಾದಿನ ಒಬ್ಬರ ಮನೆಯಲ್ಲಿ ಓಡುತ್ತಿದೆ.

ನಂತರ ಹೊಸ ಚಿಪ್ಪಿಗೆ ಬೇಕಾದ ಬಯೋಸ್ ಏರಿಸೋ ಕೆಲಸ. ಸಾಕೆಟ್ ಖಾಲಿ ಇದ್ದರೂ ಪರವಾಗಿಲ್ಲ, ಫ್ಲ್ಯಾಶ್ ಬಟನ್ ಇದೆಯಲ್ಲ. ಫೈಲ್ ಹೆಸರು ಬದಲಿಸಿ 64 ಜಿಬಿ ಪೆನ್‌ಡ್ರೈವಿಗೆ ಹಾಕಿ ಒತ್ತಿದೆ. ದೀಪ ಮೂರು ಸಲ ಮಿನುಗಿ ಆರಿತು. ಮತ್ತೆ ಒತ್ತಿದೆ, ಮತ್ತೆ ಮೂರೇ ಸಲ. ಪೆನ್‌ಡ್ರೈವಿನ ಫಾರ್ಮ್ಯಾಟ್ ಎಕ್ಸ್‌ಫ್ಯಾಟ್ ಇತ್ತು, ಬೋರ್ಡಿಗೆ ಫ್ಯಾಟ್32 ಬೇಕು. ತಂಗಿ ಮದುವೆಯ ವಿಡಿಯೊ ಇದ್ದ 8 ಜಿಬಿ ಪೆನ್‌ಡ್ರೈವ್ ಖಾಲಿ ಮಾಡಿ (ಕಾಪಿ ತೆಗೆದಿಟ್ಟೇ ಮಾಡಿದೆ, ಬೈಬೇಡಿ) ಹಾಕಿದಾಗ ದೀಪ ಸರಿಯಾಗಿ ಮಿನುಗಲು ಶುರುವಾಯಿತು. ಎರಡು ನಿಮಿಷ ಆಗಿರಬೇಕು, ಕರೆಂಟ್ ಹೋಯಿತು.

ಇನ್ವರ್ಟರ್ ಇತ್ತು. ಟಕ್ ಅಂದು ಬ್ಯಾಟರಿಗೆ ತಿರುಗಿತು. ಟ್ಯೂಬ್‌ಲೈಟ್ ಕಣ್ಣು ಮಿಟುಕಿಸಿತು ಅಷ್ಟೇ. ಆದರೆ ಮೇಜಿನ ಮೇಲಿನ ಬೋರ್ಡ್ ಕತ್ತಲು. ಕಾರಣ ಗೊತ್ತಿತ್ತು, ನನ್ನದೇ ತಪ್ಪು. ಇನ್ವರ್ಟರ್ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತಲ್ಲ, ಯುಪಿಎಸ್ ಮೋಡ್ ಮತ್ತು ಇಕೋ ಮೋಡ್, ಅದನ್ನು ಇಕೋದಲ್ಲಿ ಬಿಟ್ಟಿದ್ದೆ. ಯುಪಿಎಸ್ ಮೋಡಿನಲ್ಲಿ ವೋಲ್ಟೇಜ್ 180ಕ್ಕೆ ಇಳಿದರೆ ಸಾಕು ಬ್ಯಾಟರಿಗೆ ಹೋಗುತ್ತೆ, ಬೇಸಿಗೆಯಲ್ಲಿ ಇಡೀ ಸಂಜೆ ಬ್ಯಾಟರಿಯಲ್ಲೇ ಓಡುತ್ತೆ ಅಂತ ತಿರುಗಿಸಿ ಇಟ್ಟಿದ್ದು ಹಾಗೇ ಉಳಿದಿತ್ತು. ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ) ತನ್ನೊಳಗಿನ ಕೆಪಾಸಿಟರ್ ಮೇಲೆ 16-17 ಮಿಲಿಸೆಕೆಂಡ್ ತಡೆಯುತ್ತೆ. ಇಕೋ ಮೋಡಿನ ಬದಲಾವಣೆಗೆ ಅದು ಸಾಲಲ್ಲ. ಸ್ಕ್ವೇರ್ ವೇವ್ (ಒರಟು ಅಲೆಯ ಕರೆಂಟ್ ಕೊಡೋ) ಇನ್ವರ್ಟರ್ ಇದ್ದವರಿಗೆ ಇನ್ನೊಂದು ಕಾಟ, ಆಕ್ಟಿವ್ ಪಿಎಫ್‌ಸಿ ಅನ್ನೋ ಸರ್ಕ್ಯೂಟ್ ಇರುವ ಎಸ್‌ಎಂಪಿಎಸ್ ಜೇನುಗೂಡಿನ ಹಾಗೆ ಗುಂಯ್ ಅನ್ನುತ್ತೆ, ಲೋಡ್ ಬಿದ್ದರೆ ಆಫ್ ಆಗುತ್ತೆ. ನಾನು ಅದನ್ನು ಮೊದಲೇ ಮಾರಿ ಸೈನ್ ವೇವ್ ತಗೊಂಡಿದ್ದೆ, ಆರು ಸಾವಿರ ಆಗಿತ್ತು.

ಅರ್ಧ ಬರೆದ ಬಯೋಸ್. ಬಟನ್ ಇಲ್ಲದ ಬೋರ್ಡ್ ಆಗಿದ್ದರೆ ಅವತ್ತು ಅದರ ತಿಥಿ. ಬಯೋಸ್ ಚಿಪ್ಪಿಗೆ ನೇರ ಬರೆಯೋ ಪ್ರೋಗ್ರಾಮರ್ ಕ್ಲಿಪ್ ಹುಡುಕಿಕೊಂಡು ಅಲೆಯಬೇಕಿತ್ತು. ಇನ್ವರ್ಟರ್ ಸ್ವಿಚ್ ಯುಪಿಎಸ್‌ಗೆ ಹಾಕಿದೆ, ಚಹಾ ಕುಡಿದೆ, ಕೈ ನಡುಗೋದು ನಿಂತ ಮೇಲೆ ಮತ್ತೆ ಬಟನ್ ಒತ್ತಿದೆ. ಐದಾರು ನಿಮಿಷ ದೀಪ ಮಿನುಗಿತು. ಹೊಸ ಚಿಪ್ ಕೂರಿಸಿ ಪವರ್ ಕೊಟ್ಟೆ. ಮೊದಲ ಸಲ ಸ್ಕ್ರೀನ್ ಬರೋಕೆ ಒಂದು ನಿಮಿಷ ತಗೊಂಡಿತು. ಆ ಒಂದು ನಿಮಿಷ ನಾನು ಸ್ಕ್ರೀನ್ ಕಡೆ ನೋಡಲೇ ಇಲ್ಲ.

ಹಳೇ ಚಿಪ್ಪಿನಲ್ಲಿ 2933ರ ವೇಗಕ್ಕಿಂತ ಮೇಲೆ ಹತ್ತದ ಅದೇ ರ್‍ಯಾಮ್ ಇಲ್ಲಿ ಒಂದೇ ಮಾತಿಗೆ 3200ಕ್ಕೆ ನಿಂತಿತು. ವ್ಯಾಲರಂಟ್ ಆಟದ ಎಫ್‌ಪಿಎಸ್ ನೆನಪಿರೋ ಮಟ್ಟಿಗೆ 190ರಿಂದ 380ರ ಹತ್ತಿರ ಹೋಯಿತು. ಸೈಬರ್‌ಪಂಕಿನಲ್ಲಿ ಸರಾಸರಿ ಅಷ್ಟೇನೂ ಏರಲಿಲ್ಲ, ಅಲ್ಲಿ ಕಾರ್ಡೇ ತಡೆಯೋದು. ಆದರೆ ಜನ ತುಂಬಿದ ಸಂತೆಯಲ್ಲಿ ಮೊದಲು 40ಕ್ಕೆ ಬಿದ್ದು ತಡವರಿಸುತ್ತಿದ್ದದ್ದು ಈಗ 70ರ ಕೆಳಗೆ ಬರಲ್ಲ. ನನಗೆ ಬೇಕಾಗಿದ್ದು ಅದೇ.

ತಂಪು ಮಾಡೋ ವಿಷಯದಲ್ಲಿ ಕೆಲವು ಹುಚ್ಚು ಪ್ರಯೋಗ ಮಾಡಿದೆ. ರೂಮಿನ ನೀರಿನ ಏರ್ ಕೂಲರ್ ಅನ್ನು ನೇರ ಕ್ಯಾಬಿನೆಟ್ ಮುಂದೆ ಇಟ್ಟೆ. ಏಳು ಡಿಗ್ರಿ ಇಳಿಯಿತು, ಕುಣಿದಾಡಿದೆ. ಎರಡು ವಾರಕ್ಕೆ ಬಿಚ್ಚಿ ನೋಡಿದರೆ ಕೂಲರಿನ ಫಿನ್ನುಗಳ ನಡುವೆ ಧೂಳು ಕೆಸರಾಗಿ, ಒಣಗಿ, ಹೆಂಟೆ ಕಟ್ಟಿದೆ. ಬ್ರಷ್ಷಿಗೂ ಬರಲಿಲ್ಲ. ಇನ್ನೊಮ್ಮೆ ಧೂಳು ತಡೆಯಲು ಹೆಂಡತಿಯ ಹಳೇ ವೇಲ್ ಕತ್ತರಿಸಿ ಮುಂದಿನ ಫ್ಯಾನ್‌ಗೆ ಕಟ್ಟಿದೆ. ಧೂಳು ನಿಂತಿತು, ಗಾಳಿಯೂ ನಿಂತಿತು, ಐದು ಡಿಗ್ರಿ ಏರಿತು. ಅದು ಹಳೇ ವೇಲ್ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಸೊಳ್ಳೆ ಪರದೆ ಬಟ್ಟೆ ಒಂದೇ ಪದರ ಹಾಕಿದರೆ ಸಾಕು, ಹದಿನೈದು ದಿನಕ್ಕೊಮ್ಮೆ ಒಗೆಯಬೇಕು ಅಷ್ಟೇ.

ವಿಆರ್‌ಎಂ ಮೇಲೆ 92 ಎಂಎಂ ಫ್ಯಾನ್ ಒಂದು ಕೂರಿಸಿದ್ದೇನೆ. ಎಲ್ಲಿ, ಯಾವ ಕೋನಕ್ಕೆ ಅಂತ ಹೇಳಲ್ಲ. ಚಿಪ್ಪಿನ ವೋಲ್ಟೇಜ್ ಇಳಿಸಿದ ಅಂಕಿಯನ್ನೂ ಹೇಳಲ್ಲ. ಹತ್ತು-ಹನ್ನೆರಡು ಮಷೀನ್ ಇದೇ ರೀತಿ ಕಟ್ಟಿಕೊಟ್ಟಿದ್ದೇನೆ, ಒಂದೂ ವಾಪಸ್ ಬಂದಿಲ್ಲ. ಎರಡು ಕಾಸು ಬರೋ ದಾರಿ ಅದೊಂದೇ.

ಇತ್ತೀಚೆಗೆ ರ್‍ಯಾಮ್ ಬೆಲೆ ಹೇಗೆ ಏರಿದೆ ನೋಡಿದ್ದೀರಲ್ಲ. ಎಐ ಕಂಪನಿಗಳೇ ಎಲ್ಲಾ ಮೆಮೊರಿ ಎತ್ತಿಕೊಂಡು ಹೋಗುತ್ತಿವೆ. ಅವತ್ತು ಒಂಬತ್ತು ಸಾವಿರ ಹೇಳಿದ್ದ ಡಿಡಿಆರ್5 ಕಿಟ್ಟಿಗೆ ಈಗ ಹೇಳೋ ರೇಟ್ ಕೇಳಿದರೆ ತಲೆ ತಿರುಗುತ್ತೆ. ಹೋದ ಭಾನುವಾರ ದೋಸ್ತ್ ಪ್ಲಾಸ್ಟಿಕ್ ಚೀಲದಲ್ಲಿ ತನ್ನ ಹಳೇ ಬಿ450 ಹಿಡಿದುಕೊಂಡು ಬಂದ. ಫೋಟೊದ ಬಗ್ಗೆ ಅವನೂ ಮಾತಾಡಲಿಲ್ಲ, ನಾನೂ ಕೇಳಲಿಲ್ಲ. ಬೋರ್ಡ್ ತಿರುಗಿಸಿ ನೋಡಿದೆ. ಬಯೋಸ್ 16 ಎಂಬಿ, ಬಟನ್ ಇಲ್ಲ, ಹೀಟ್‌ಸಿಂಕ್ ಒಂದೇ ಕಡೆ. ಎಕ್ಸ್3ಡಿ ಬೇಡ, 65 ವ್ಯಾಟಿನ 5600 ಹಾಕೋಣ, ಬಯೋಸ್ ಏರಿಸೋಕೆ ನಿನ್ನ ಹಳೇ ಪ್ರೊಸೆಸರ್ ಸಾಕೆಟ್ಟಿನಲ್ಲಿ ಇರಲೇಬೇಕು ಅಂದೆ. ಅದನ್ನು ಮೊನ್ನೆಯೇ ಮಾರಿಬಿಟ್ಟಿದ್ದಾನಂತೆ. ಈಗ ಒಂದು 2600 ಹುಡುಕುತ್ತಿದ್ದೇವೆ.