ಫೀಡ್ ಹಾಕಿಕೊಂಡು ಓದಿ, ತಪ್ಪು ಕಂಡರೆ ತಿದ್ದಿ

ಓದಬೇಕು ಅಂದುಕೊಂಡ ಬರಹ ಕಣ್ಣಿಗೇ ಬೀಳುವುದಿಲ್ಲ, ಬೇಡದ್ದು ಮಾತ್ರ ಪರದೆ ತುಂಬ. ಏನು ತೋರಿಸಬೇಕು ಅಂತ ಆ್ಯಪ್ ತೀರ್ಮಾನಿಸಿದರೆ ಹೀಗೇ ಅಲ್ವಾ? ಆ ತೀರ್ಮಾನವನ್ನು ನಿಮ್ಮ ಕೈಗೇ ಕೊಡುವ ದಾರಿ 1999ರಿಂದಲೂ ಇದೆ: ಆರ್‌ಎಸ್‌ಎಸ್ ಫೀಡ್. ತಾಣದಲ್ಲಿ ಹೊಸದು ಬಂದಾಗ ಅದರ ತಲೆಬರಹ, ತಾರೀಕು, ಕೊಂಡಿ ಫೀಡ್ ಎಂಬ ಸಣ್ಣ ಕಡತಕ್ಕೆ ಸೇರುತ್ತವೆ. ಫೀಡ್ ರೀಡರ್ ಎಂಬ ತಂತ್ರಾಂಶ ಅದನ್ನು ಆಗಾಗ ನೋಡಿ ನಿಮಗೆ ತೋರಿಸುತ್ತದೆ.

ಮೊದಲು ರೀಡರ್ ಹಾಕಿಕೊಳ್ಳಿ. ಆಂಡ್ರಾಯ್ಡ್ ಫೋನಿಗೆ ಎಫ್-ಡ್ರಾಯ್ಡ್ ಎಂಬ ಆ್ಯಪ್ ಸಂಗ್ರಹದಲ್ಲಿ ‘ಫೀಡರ್’ ಸಿಗುತ್ತದೆ, ಅಕೌಂಟ್ ಕೇಳುವುದಿಲ್ಲ. ಕಂಪ್ಯೂಟರಿನಲ್ಲಾದರೆ ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶ ಸಾಕು. ಎರಡೂ ಓಪನ್ ಸೋರ್ಸ್, ಅಂದರೆ ಅವುಗಳ ಮೂಲ ಕೋಡ್ ಎಲ್ಲರಿಗೂ ತೆರೆದಿದೆ.

ಆಮೇಲೆ ತಾಣದ ವಿಳಾಸ ಕಾಪಿ ಮಾಡಿ ರೀಡರಿನಲ್ಲಿ ಪೇಸ್ಟ್ ಮಾಡಿ. ಸಾಮಾನ್ಯವಾಗಿ ಫೀಡನ್ನು ಅದೇ ಹುಡುಕಿಕೊಳ್ಳುತ್ತದೆ. ಸಿಗದಿದ್ದರೆ, ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಕಟ್ಟಿದ ತಾಣವಾದರೆ ವಿಳಾಸದ ಕೊನೆಗೆ ಓರೆಗೆರೆ ಹಾಕಿ ಇಂಗ್ಲಿಷಿನಲ್ಲಿ ‘ಫೀಡ್’ ಅಂತ ಸೇರಿಸಿ. ಮಾಸ್ಟೊಡಾನ್ ಎಂಬ ಸಾಮಾಜಿಕ ಜಾಲತಾಣದ ಪ್ರೊಫೈಲ್ ವಿಳಾಸಕ್ಕೆ ಇಂಗ್ಲಿಷಿನಲ್ಲಿ ‘ಡಾಟ್ ಆರ್‌ಎಸ್‌ಎಸ್’ ಸೇರಿಸಬೇಕು. ಸಿಕ್ಕಿದ್ದನ್ನೆಲ್ಲ ಸುಮ್ನೆ ತುಂಬಬೇಡಿ, ಓದುವಷ್ಟು ಸಾಕು.

ನಿಮ್ಮ ಫೀಡುಗಳ ಪಟ್ಟಿಯನ್ನು ಒಪಿಎಂಎಲ್ ಎಂಬ, ಬೇರೆ ರೀಡರುಗಳೂ ಓದಬಲ್ಲ ಕಡತವಾಗಿ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. 2013ರಲ್ಲಿ ಗೂಗಲ್ ರೀಡರ್ ಮುಚ್ಚಿದಾಗ, ಪಟ್ಟಿ ಇಳಿಸಿಕೊಂಡಿದ್ದವರು ಅದನ್ನೇ ಇನ್ನೊಂದು ರೀಡರಿಗೆ ಹಾಕಿಕೊಂಡು ಓದು ಮುಂದುವರಿಸಬಹುದಿತ್ತು.

ಇನ್ನು ತಿದ್ದುವ ಕೆಲಸ. ನನಗೆ ಜಾಸ್ತಿ ಇಷ್ಟವಾದ ಭಾಗ ಇದೇ. ವಿಕಿಪೀಡಿಯ ನಡೆಯುವುದು ಮೀಡಿಯಾವಿಕಿ ಎಂಬ ಓಪನ್ ಸೋರ್ಸ್ ತಂತ್ರಾಂಶದ ಮೇಲೆ. ವಿಕಿಪೀಡಿಯದ ಪ್ರತಿ ಪುಟದ ಇತಿಹಾಸಕ್ಕೂ, ಅಂದರೆ ಬದಲಾವಣೆಗಳ ಪಟ್ಟಿಗೂ, ‘ಆಟಂ’ ಎಂಬ ಇನ್ನೊಂದು ಬಗೆಯ ಫೀಡ್ ಇದೆ. ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯದ ಪುಟ ತೆರೆದು, ಇತಿಹಾಸಕ್ಕೆ ಹೋಗಿ, ಅಲ್ಲಿನ ‘ಆಟಂ’ ಕೊಂಡಿಯನ್ನು ರೀಡರಿಗೆ ಸೇರಿಸಿ. ಯಾರು ಯಾವ ಸಾಲು ಬದಲಿಸಿದರು ಅಂತ ಅಲ್ಲೇ ಕಾಣುತ್ತದೆ, ಹಳೆಯದೂ ಹೊಸದೂ ಅಕ್ಕಪಕ್ಕ. ಕೆಲವು ದಿನ ಇದನ್ನು ನೋಡಿದರೆ ತಿದ್ದುವ ರೀತಿ ತಾನಾಗೇ ತಿಳಿಯುತ್ತದೆ.

ಒಂದು ಇಸವಿ ತಪ್ಪಿದೆ ಅನ್ನಿ. ಮೊದಲು ನಂಬಬಹುದಾದ ಪುಸ್ತಕವನ್ನೋ ಪತ್ರಿಕೆಯನ್ನೋ ಹುಡುಕಿ. ‘ಸಂಪಾದಿಸಿ’ ಒತ್ತಿ ಇಸವಿ ಬದಲಿಸಿ, ಪಕ್ಕದಲ್ಲೇ ಮೂಲ ಸೇರಿಸಿ. ಕೆಳಗಿನ ಸಾರಾಂಶದ ಜಾಗವನ್ನು ಖಾಲಿ ಬಿಡಬೇಡಿ. ‘ಇಸವಿ ತಿದ್ದಿದೆ, ಮೂಲ ಕೊಟ್ಟಿದೆ’ ಅಂತ ಬರೆದರೆ, ನಿಮ್ಮ ಬದಲಾವಣೆ ನೋಡುವವರಿಗೆ ಕಾರಣ ಗೊತ್ತಾಗುತ್ತದೆ. ಮುನ್ನೋಟ ನೋಡಿ ಪ್ರಕಟಿಸಿ.

ಯಾರಾದರೂ ಅದನ್ನು ವಾಪಸ್ ಮಾಡಿದರೆ ಮತ್ತೆ ಮತ್ತೆ ಬದಲಿಸಲು ಹೋಗಬೇಡಿ. ಚರ್ಚೆ ಪುಟದಲ್ಲಿ ಕಾರಣ ಕೇಳಿ. ಕೊನೆಗೆ ನಾಲ್ಕು ಟಿಲ್ಡೆ (~~~~) ಹಾಕಿದರೆ ನಿಮ್ಮ ಹೆಸರು, ಸಮಯ ತಾನಾಗೇ ಬರುತ್ತವೆ.

ಕೂತು ಬರೆಯುವುದು ಬೇಡ ಅನ್ನುವವರಿಗೆ ಸ್ಟ್ರೀಟ್‌ಕಂಪ್ಲೀಟ್ ಆ್ಯಪ್ ಇದೆ. ನೀವು ನಿಂತ ರಸ್ತೆ ಡಾಂಬರಿನದೋ ಮಣ್ಣಿನದೋ ಅಂತ ಕೇಳುತ್ತದೆ, ಉತ್ತರ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ, ಎಲ್ಲರೂ ತಿದ್ದಬಹುದಾದ ನಕ್ಷೆಗೆ ಸೇರುತ್ತದೆ. ಅದಕ್ಕೊಂದು ಅಕೌಂಟ್ ಬೇಕು. ಕಣ್ಣಾರೆ ನೋಡಿದ್ದಕ್ಕೆ ಮಾತ್ರ ಉತ್ತರ ಕೊಡಿ, ಉಳಿದದ್ದನ್ನು ಹಾಗೇ ಬಿಡಿ.