ಲಾರಿ 'ಬಂದಲಿಲ್ಲ'

ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ ಡಿಸ್ಪ್ಯಾಚ್ ನೋಡಿಕೊಳ್ಳುತ್ತೇನೆ. ಓದಿದ್ದೆಲ್ಲ ಕನ್ನಡ ಮೀಡಿಯಂ. ಸೇರಿದ ಹೊಸದರಲ್ಲಿ ಕಸ್ಟಮರ್‌ಗೆ ಎರಡು ಸಾಲಿನ ಮೇಲ್ ಬರೆಯೋಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ಗ್ರಾಮರ್ ಪುಸ್ತಕ ತಂದು ಹನ್ನೆರಡು ಟೆನ್ಸ್ ಬಾಯಿಪಾಠ ಮಾಡಿದೆ. ಆದರೂ ಮೇಲ್‌ನಲ್ಲಿ 'ಲಾರಿ ಡಿಡ್ ನಾಟ್ ಕೇಮ್' ಅಂತಲೇ ಬರೆಯುತ್ತಿದ್ದೆ.

ಅದನ್ನು ಬಿಡಿಸಿದವನು ನಮ್ಮ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಮೆಷಿನ್‌ನ ಆಪರೇಟರ್. ಒಡಿಶಾದ ಹುಡುಗ, ಆಗಷ್ಟೇ ಕನ್ನಡ ಕಲಿಯುತ್ತಿದ್ದ. ಒಂದು ಬೆಳಿಗ್ಗೆ ಬಂದು "ಸಾರ್, ನಿನ್ನೆ ಲಾರಿ ಬಂದಲಿಲ್ಲ" ಅಂದ. ನಕ್ಕುಬಿಟ್ಟೆ.

"ಬರಲಿಲ್ಲ ಅನ್ನಬೇಕಪ್ಪ."

"ಯಾಕೆ ಸಾರ್? ನಿನ್ನೆ ಮಾತು ತಾನೆ? ಬಂದ ಅಂತೀರಲ್ಲ?"

ಉತ್ತರ ಹೊಳೆಯಲಿಲ್ಲ. ಊಟದ ಹೊತ್ತಿಗೆ ಹೊಳೆಯಿತು. 'ಲಿಲ್ಲ' ಅನ್ನುವುದರಲ್ಲೇ ನಿನ್ನೆ ಸೇರಿಕೊಂಡಿದೆ. ಹಿಂದಿನ ಮಾತನ್ನೂ 'ಬಂದ' ಮಾಡಿದರೆ ಎರಡು ಸಲ ನಿನ್ನೆ ಹೇಳಿದ ಹಾಗಾಗುತ್ತೆ. 'ಡಿಡ್' ಕೂಡ ಅದೇ ಕೆಲಸ ಮಾಡುತ್ತೆ, ಅಲ್ವಾ? ಅದರ ಮುಂದೆ 'ಕಮ್' ಸಾಕು. ಈಗ 'ಡಿಡ್ ನಾಟ್ ಕೇಮ್' ಅಂತ ಟೈಪ್ ಮಾಡಲು ಹೋದರೆ ಕಿವಿಯಲ್ಲಿ 'ಬಂದಲಿಲ್ಲ' ಕೇಳಿಸುತ್ತೆ.

ಅಲ್ಲಿಂದ ಒಂದು ನೋಟ್‌ಬುಕ್ ಮಾಡಿದೆ. ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್. ಮೊದಲ ಪುಟದಲ್ಲೇ 'ಪೇಮೆಂಟ್ ಬಂದಿಲ್ಲ', 'ಮೊನ್ನೆ ಪೇಮೆಂಟ್ ಬರಲಿಲ್ಲ'. ಮೊದಲನೆಯದರಲ್ಲಿ ಇನ್ನೂ ಕಾಯುತ್ತಿದ್ದೇವೆ, ಅದು 'ಹ್ಯಾಸ್ ನಾಟ್ ಕಮ್'. ಎರಡನೆಯದು ಮೊನ್ನೆಗೆ ಮುಗಿದ ಕಥೆ, 'ಡಿಡ್ ನಾಟ್ ಕಮ್'. ಪುಸ್ತಕದಲ್ಲಿ ಆರು ಪುಟ ಓದಿದರೂ ತಲೆಗೆ ಹೋಗದ ವ್ಯತ್ಯಾಸ ನಮ್ಮ ಬಾಯಲ್ಲೇ ಇತ್ತು.

ಹಾಗಂತ ಕನ್ನಡವನ್ನೇ ಪೂರ್ತಿ ನಂಬಿದರೂ ಕಷ್ಟ. 'ನಿನ್ನೆಯೇ ಕಳಿಸಿದ್ದೀವಿ ಸಾರ್' ಅಂತ ನಾವು ಧಾರಾಳವಾಗಿ ಹೇಳುತ್ತೇವೆ. ಇಂಗ್ಲಿಷ್‌ನಲ್ಲಿ 'ಯೆಸ್ಟರ್‌ಡೇ' ಬಂದರೆ 'ಹ್ಯಾವ್' ಬೇಡ, 'ವಿ ಸೆಂಟ್ ಇಟ್ ಯೆಸ್ಟರ್‌ಡೇ' ಅಷ್ಟೇ. 'ಇಂದ' ಕೂಡ ಹೀಗೇ ಕೈಕೊಡುತ್ತೆ. 'ಐದು ವರ್ಷದಿಂದ', '2019ರಿಂದ', ನಮಗೆ ಎರಡೂ ಒಂದೇ. ಅವರಿಗೆ ಎಷ್ಟು ಕಾಲ ಅಂದರೆ 'ಫಾರ್', ಶುರುವಾದ ದಿನ ಹೇಳಿದರೆ 'ಸಿನ್ಸ್'. ಜೊತೆಗೆ 'ಆಮ್ ವರ್ಕಿಂಗ್' ಹೋಗಿ 'ಹ್ಯಾವ್ ಬೀನ್ ವರ್ಕಿಂಗ್' ಆಗಬೇಕು. ಇದಕ್ಕೆ ಸುಲಭದ ದಾರಿ ಸಿಗಲಿಲ್ಲ, ಬರೆದು ಬರೆದೇ ರೂಢಿ ಆಯಿತು.

ನಮ್ಮ ಶಾಪ್‌ನ ಮುಖ್ಯ ಮೂರು ಕೆಲಸ ಕಟ್, ಸೆಟ್, ಪುಟ್ ಮಾತ್ರ ಭೂತಕಾಲದಲ್ಲೂ ಬದಲಾಗಲ್ಲ. 'ಸೆಟ್ಟೆಡ್' ಅಂತ ನಾನೂ ಬರೆದಿದ್ದೇನೆ, ಬಿಡಿ.

ದೊಡ್ಡ ಪೆಟ್ಟು ಬಿದ್ದಿದ್ದು ಒಬ್ಬ ಜರ್ಮನ್ ಕಸ್ಟಮರ್ ಹತ್ತಿರ. ಅವರ ಡ್ರಾಯಿಂಗ್‌ನಲ್ಲಿ ಒಂದು ಹೋಲ್‌ನ ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನುವ ನಂಬರ್) ಸರಿಯಾಗಿ ಓದೋಕೆ ಆಗುತ್ತಿರಲಿಲ್ಲ. 'ಐ ಆಮ್ ಹ್ಯಾವಿಂಗ್ ಡೌಟ್ ಇನ್ ಯುವರ್ ಡ್ರಾಯಿಂಗ್' ಅಂತ ಕಳಿಸಿದೆ. ಮರುದಿನ ಮೂರು ಜನಕ್ಕೆ ಸಿಸಿ ಹಾಕಿದ ಉತ್ತರ ಬಂತು: ಡ್ರಾಯಿಂಗ್ ಚೆಕ್ ಆಗಿ ಅಪ್ರೂವ್ ಆಗಿದೆ, ಏನು ತಪ್ಪು ಸಿಕ್ಕಿತು? ನಮ್ಮ ಬಾಸ್ ಕ್ಯಾಬಿನ್‌ಗೆ ಕರೆದರು. ನಾವು ಡೌಟ್ ಅಂದರೆ ಕೇಳಬೇಕಾದ ಪ್ರಶ್ನೆ. ಅವರ ಕಿವಿಗೆ ಅದು ಅನುಮಾನ. ಸುಮ್ನೆ ಒಂದು ನಂಬರ್ ಕೇಳೋಕೆ ಹೋಗಿ ಅವರ ಡಿಸೈನನ್ನೇ ಅನುಮಾನಿಸಿದ ಹಾಗಾಗಿತ್ತು. ಈಗ 'ಐ ಹ್ಯಾವ್ ಎ ಕ್ವೆಶ್ಚನ್ ಅಬೌಟ್ ದ ಡ್ರಾಯಿಂಗ್' ಅಂತ ಬರೆಯುತ್ತೇನೆ. 'ಹ್ಯಾವಿಂಗ್' ಕೂಡ ಹೋಯಿತು. ನಾವೂ 'ಡೌಟ್ ಇದೆ' ಅಂತೀವೇ ಹೊರತು 'ಡೌಟ್ ಇರ್ತಾ ಇದೆ' ಅನ್ನಲ್ಲವಲ್ಲ.

ಶನಿವಾರ ಮಧ್ಯಾಹ್ನ ಲೋಡಿಂಗ್ ಮುಗಿದ ಮೇಲೆ ಆ ವಾರ ಕಳಿಸಿದ ಮೇಲ್‌ಗಳನ್ನೆಲ್ಲ ಒಮ್ಮೆ ಓದುತ್ತೇನೆ. ಸಿಕ್ಕ ತಪ್ಪು ನೋಟ್‌ಬುಕ್‌ಗೆ ಹೋಗುತ್ತೆ. ನಮ್ಮನಮ್ಮಲ್ಲಿ ಆಡುವ 'ಟುಡೇ ಓನ್ಲಿ ಡಿಸ್ಪ್ಯಾಚ್' ಮಾತ್ರ ತಿದ್ದೋಕೆ ಹೋಗಲ್ಲ, ಅದು 'ಇವತ್ತೇ' ಅನ್ನುವುದರ 'ಏ'. ಗೊತ್ತುಮಾಡಿದ ದಿನಕ್ಕಿಂತ ಮುಂಚೆಯೇ ಮಾಡೋದಕ್ಕೆ ಬಾಸ್ ಹೇಳುವ 'ಪ್ರೀಪೋನ್' ಕೂಡ ಹಾಗೇ ಬಿಟ್ಟಿದ್ದೇನೆ. ಅದು ಆಕ್ಸ್‌ಫರ್ಡ್ ಡಿಕ್ಷನರಿಯಲ್ಲೇ ಇದೆ. ಜರ್ಮನಿಗೆ ಹೋಗುವ ಮೇಲ್‌ನಲ್ಲಿ ಮಾತ್ರ ಸದ್ದಿಲ್ಲದೆ 'ಬ್ರಿಂಗ್ ಫಾರ್ವರ್ಡ್' ಮಾಡಿ ಕಳಿಸುತ್ತೇನೆ.